ಫಲಕ ಬದಲಾದ ಬ್ಯಾಂಕ್ ಶಾಖೆಯ ಚರಿತ್ರೆ

ಪ್ರಶ್ನೆ: ನಮ್ಮೂರಿನ ಪೇಟೆಯಲ್ಲಿರುವ ಬ್ಯಾಂಕ್ ಶಾಖೆ ನನ್ನ ಅಜ್ಜನ ಕಾಲದಿಂದಲೂ ಇದೆ. ಕೆಲವು ವರ್ಷಗಳ ಹಿಂದೆ ವಿಲೀನದ ಕಾರಣದಿಂದ ಅದರ ಫಲಕ ಬದಲಾಯಿತಾದರೂ ಹಿರಿಯರು ಇಂದಿಗೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಅದರ ಚರಿತ್ರೆಯನ್ನು ಬರೆದಿಡಬೇಕೆಂಬ ಆಸೆ ನನಗಿದೆ. ಶಾಖೆಯಲ್ಲಿ ಹಳೆಯ ಕಡತಗಳು ಉಳಿದಿಲ್ಲವಂತೆ. ನನ್ನ ಬಳಿ ಇರುವುದು ಅಜ್ಜನ ಒಂದು ಹಳೆಯ ಪಾಸ್‌ಬುಕ್ ಮಾತ್ರ. ಸಣ್ಣ ಪೇಟೆಯ ಶಾಖೆಗೆ ಬರೆಯುವಷ್ಟು ಚರಿತ್ರೆ ಇರುತ್ತದೆಯೇ? ಎಲ್ಲಿಂದ ಆರಂಭಿಸಲಿ?
– ಉಡುಪಿ ಜಿಲ್ಲೆಯ ಓದುಗರೊಬ್ಬರು

ಉತ್ತರ: ಖಂಡಿತ ಇರುತ್ತದೆ. ನಿಮ್ಮ ಜಿಲ್ಲೆಯ ಶಾಖೆಗಾದರೆ ತುಸು ಹೆಚ್ಚೇ ಇರುತ್ತದೆ, ಏಕೆಂದರೆ ಅಲ್ಲಿ ಬ್ಯಾಂಕುಗಳು ಹುಟ್ಟಿದ್ದೇ ಊರವರ ಕೈಯಿಂದ. ಶಾಖೆಯ ಹೆಸರನ್ನು ತಾವು ತಿಳಿಸಿಲ್ಲ. ಆದರೆ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಅದರ ಮರುವರ್ಷ ಅದೇ ದಿನದಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ ವಿಲೀನಗೊಂಡವಾದ್ದರಿಂದ, ನಿಮ್ಮ ಹಿರಿಯರು ಹೇಳುವ ಹಳೆಯ ಹೆಸರು ಬಹುಮಟ್ಟಿಗೆ ಈ ಮೂರರಲ್ಲೊಂದಾಗಿರಬೇಕು. ಇಂದಿನ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೋಡಿನಲ್ಲಿಯೂ ಆ ಹಳೆಯ ಗುರುತು ಅಡಗಿರುತ್ತದೆ. ಸಿಂಡಿಕೇಟ್ ಶಾಖೆಗಳ ಹಳೆಯ ಸಂಖ್ಯೆಗೆ 10,000 ಕೂಡಿಸಿ ಕೆನರಾ ಬ್ಯಾಂಕಿನ ಹೊಸ ಸಂಖ್ಯೆಯನ್ನು ಕೊಡಲಾಯಿತು. ವಿಜಯಾ ಬ್ಯಾಂಕಿನ ಶಾಖೆಗಳಿಗೆ ಬರೋಡದ ಅಕ್ಷರಗಳ ಬೆನ್ನಿಗೆ ‘ವಿಜೆ’ ಎಂಬ ಎರಡಕ್ಷರವನ್ನು ಉಳಿಸಿಕೊಡಲಾಯಿತು.

ಇನ್ನು ಮೂಲದ ಸಂಗತಿ. ಅವಿಭಜಿತ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಸ್ವದೇಶಿ ಚಳವಳಿಯ ಗಾಳಿ ಬೀಸುತ್ತಿದ್ದ 1906ರ ಒಂದೇ ವರ್ಷದಲ್ಲಿ ಅಲ್ಲಿ ಎರಡು ಬ್ಯಾಂಕುಗಳು ತಲೆಯೆತ್ತಿದವು. ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರರು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್’ ಅನ್ನು ಆರಂಭಿಸಿದರು. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಜುಲೈ 1ರಂದು ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಎನಿಸಿಕೊಂಡಿತು. ಉಡುಪಿಯ ಬ್ಯಾಂಕಿನ ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಅಲ್ಲಿ ಜಮೆಯಾದ ಹಣ 38 ರೂಪಾಯಿ 13 ಆಣೆ 2 ಪೈ. ಕರಾವಳಿಯ ಬ್ಯಾಂಕಿಂಗ್ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಕಿ ಇದೇ. ರೂಪಾಯಿಗೆ 192 ಪೈ ಇದ್ದ ಆ ಕಾಲದಲ್ಲಿ ಕೊನೆಯ ಎರಡು ಪೈಗಳನ್ನೂ ಎಣಿಸಿ ಬರೆದುಕೊಂಡ ಲೆಕ್ಕವನ್ನು ನೋಡಿದರೆ, ಆ ಕೌಂಟರಿನ ಮುಂದೆ ಎಂಥ ಜನರಿಗೂ ಜಾಗವಿತ್ತು ಎಂಬುದು ತಿಳಿಯುತ್ತದೆ. ಈ ಬ್ಯಾಂಕಿನ ಮೊದಲ ಶಾಖೆ 1923ರಲ್ಲಿ ಕುಂದಾಪುರದಲ್ಲಿ ತೆರೆಯಿತು.

1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್ ಬಂತು. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವರು ಉಡುಪಿಯಲ್ಲಿ ಕೇವಲ 8,000 ರೂಪಾಯಿ ಬಂಡವಾಳದಿಂದ, ಕೈಮಗ್ಗದ ಉದ್ಯಮ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗಬೇಕೆಂಬ ಉದ್ದೇಶದಿಂದ, ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದರು. 1931ರ ವಿಜಯದಶಮಿಯ ಹೊತ್ತಿಗೆ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿತು.

ಇಷ್ಟೆಲ್ಲ ಎಲ್ಲರಿಗೂ ಸಿಗುವ ಮಾಹಿತಿ. ನಿಮ್ಮ ಬರಹ ಇದನ್ನೇ ಮತ್ತೆ ಹೇಳಿ ಮುಗಿಯಬಾರದು ಎಂಬುದು ನನ್ನ ಕಳಕಳಿ. ಸ್ಥಾಪಕರ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಶಾಖೆಯ ಚರಿತ್ರೆಯೆಂದರೆ ಆ ಪೇಟೆಯಲ್ಲಿ ಯಾರು ಹಣ ಕಟ್ಟಿದರು, ಯಾರಿಗೆ ಯಾವ ಕೆಲಸಕ್ಕೆ ಸಾಲ ಸಿಕ್ಕಿತು ಎಂಬುದರ ಚರಿತ್ರೆ, ಮತ್ತು ಅದನ್ನು ಆ ಊರಿನವರಲ್ಲದೆ ಬೇರೆಯವರು ಬರೆಯಲಾರರು.

ಅದಕ್ಕಾಗಿ ಮೊದಲು ಹುಡುಕಬೇಕಾದವರು ಪಿಗ್ಮಿ ಸಂಗ್ರಹಿಸುತ್ತಿದ್ದವರನ್ನು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಬಹುದಾಗಿತ್ತು, ಮತ್ತು ಅದನ್ನು ಬ್ಯಾಂಕಿನ ಏಜೆಂಟರೇ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಒಯ್ಯುತ್ತಿದ್ದರು. ಮುಂದೆ ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಅದೇ ದಾರಿ ಹಿಡಿದವು. ಮ್ಯಾನೇಜರರು ಕೆಲವು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುತ್ತಾರೆ. ಪಿಗ್ಮಿ ಏಜೆಂಟರು ಮಾತ್ರ ಅದೇ ಬೀದಿಗಳಲ್ಲಿ ಹತ್ತಾರು ವರ್ಷ ನಡೆದವರು. ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರು, ದರ್ಜಿಗಳು, ಹೋಟೆಲಿನ ಕೆಲಸಗಾರರು ಇವರಲ್ಲಿ ಯಾರು ಯಾವ ಹೊತ್ತಿಗೆ ಹಣ ಕೊಡುತ್ತಿದ್ದರು, ಮಳೆಗಾಲದಲ್ಲಿ ಯಾರ ಕಂತು ನಿಲ್ಲುತ್ತಿತ್ತು, ಅವಧಿ ಮುಗಿದಾಗ ಕೈಗೆ ಬಂದ ಗಂಟು ಮಗಳ ಮದುವೆಗೆ ಹೋಯಿತೋ ಮನೆಗೆ ಹಂಚು ಹೊದಿಸಲು ಹೋಯಿತೋ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಅವರ ಸ್ವಂತ ಬದುಕನ್ನೂ ಕೇಳಿ ಬರೆದುಕೊಳ್ಳಿ. ಕಮಿಷನ್ನಿನ ಮೇಲೆ ದುಡಿಯುತ್ತಿದ್ದ ಇವರು ಬ್ಯಾಂಕಿನ ಕಾರ್ಮಿಕರು ಹೌದೋ ಅಲ್ಲವೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 2001ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದೇ ಒಪ್ಪಿಕೊಂಡಿತು. ಇಷ್ಟು ದೊಡ್ಡ ಸಂಗತಿಗೆ ಶಾಖೆಗಳ ಸ್ಮರಣ ಸಂಚಿಕೆಗಳಲ್ಲಿ ಒಂದು ಸಾಲೂ ಕಾಣದಿದ್ದಾಗ ನನಗೆ ಬೇಸರವಾಗುತ್ತದೆ.

ಎರಡನೆಯದಾಗಿ, ಹಳೆಯ ಹೆಸರಿನ ಅಡಿಯಲ್ಲಿ ಇನ್ನೂ ಹಳೆಯ ಹೆಸರೊಂದು ಇರಬಹುದೆಂಬುದನ್ನು ಮರೆಯಬೇಡಿ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ದುರ್ಬಲ ಬ್ಯಾಂಕುಗಳನ್ನು ಕಡ್ಡಾಯವಾಗಿ ವಿಲೀನಗೊಳಿಸುವ ಅಧಿಕಾರ ಕಾನೂನಿನಲ್ಲಿ ಸೇರಿತು, ಮತ್ತು 1962ರಿಂದ ಠೇವಣಿಗಳಿಗೆ 1,500 ರೂಪಾಯಿಯವರೆಗೆ ವಿಮೆ ಬಂತು. ಆ ದಶಕದಲ್ಲಿ ವಿಜಯಾ ಬ್ಯಾಂಕ್ ಒಂಬತ್ತು ಸಣ್ಣ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಸಿಂಡಿಕೇಟ್ ಬ್ಯಾಂಕ್ 1953ರಿಂದ 1964ರೊಳಗೆ ಇಪ್ಪತ್ತನ್ನು ಸೇರಿಸಿಕೊಂಡಿತು. ನಿಮ್ಮ ಶಾಖೆಯ ಮೊದಲ ಫಲಕ ಅಂಥದ್ದೊಂದು ಮರೆತುಹೋದ ಬ್ಯಾಂಕಿನದಾಗಿದ್ದರೆ ಆಶ್ಚರ್ಯವಿಲ್ಲ. ಇದನ್ನು ಪತ್ತೆ ಹಚ್ಚಲು ಕಟ್ಟಡದ ಮಾಲೀಕರ ಬಳಿ ಇರುವ ಬಾಡಿಗೆ ಕರಾರುಗಳು ಮತ್ತು ಉಪನೋಂದಣಿ ಕಚೇರಿಯಲ್ಲಿ ಬ್ಯಾಂಕಿನ ಹೆಸರಿಗೆ ನೋಂದಣಿಯಾದ ಅಡಮಾನ ಪತ್ರಗಳು ಬಹಳ ಸಹಾಯ ಮಾಡುತ್ತವೆ. ಜಿಲ್ಲಾ ಗ್ಯಾಜೆಟಿಯರಿನ ಬ್ಯಾಂಕಿಂಗ್ ಅಧ್ಯಾಯವನ್ನೂ, ‘ನವಭಾರತ’, ‘ಉದಯವಾಣಿ’ಯಂಥ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಶಾಖೆಯ ಉದ್ಘಾಟನೆಯ ಜಾಹೀರಾತುಗಳನ್ನೂ ನೋಡಿ. ಒಮ್ಮೆ ಉಡುಪಿಗೆ ಹೋಗಿ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯವನ್ನು ನೋಡಿದರೆ ಆ ಕಾಲದ ಬ್ಯಾಂಕಿನ ಗಾತ್ರ ಕಣ್ಣಿಗೆ ಕಟ್ಟುತ್ತದೆ.

ರಾಷ್ಟ್ರೀಕರಣದ ತಾರೀಕುಗಳು ನಿಮಗೆ ಬೇಕಾಗುತ್ತವೆ: ಕೆನರಾ, ಸಿಂಡಿಕೇಟ್ 1969ರ ಜುಲೈ 19ರಂದು, ಕಾರ್ಪೊರೇಷನ್, ವಿಜಯಾ 1980ರ ಏಪ್ರಿಲ್ 15ರಂದು. ಆ ತಾರೀಕಿನ ಹಿಂದೆ ಮುಂದೆ ನಿಮ್ಮ ಶಾಖೆಯಲ್ಲಿ ಸಾಲ ಪಡೆದವರು ಯಾರು, 1980ರ ದಶಕದ ಸಾಲ ಮೇಳಗಳಲ್ಲಿ ಎಮ್ಮೆಯನ್ನೋ ಹೊಲಿಗೆ ಯಂತ್ರವನ್ನೋ ಕೊಂಡವರು ಯಾರು ಎಂದು ಕೇಳಿ ನೋಡಿ. ಆದರೆ ಗ್ರಾಹಕರ ಖಾತೆಯ ವಿವರ ಗೋಪ್ಯವಾದ್ದರಿಂದ ಅದನ್ನು ಶಾಖೆಯವರಲ್ಲಿ ಕೇಳುವುದು ಸರಿಯಲ್ಲ. ಆಯಾ ಕುಟುಂಬದವರು ಒಪ್ಪಿ ಹೇಳಿದ್ದನ್ನು ಮಾತ್ರ ಬರೆಯಿರಿ.

ಕೊನೆಯದಾಗಿ ನಿಮ್ಮ ಅಜ್ಜನ ಪಾಸ್‌ಬುಕ್. ಅದರ ಪ್ರತಿಯೊಂದು ಪುಟದ ಚಿತ್ರವನ್ನು ಇಂದೇ ತೆಗೆದಿಟ್ಟುಕೊಳ್ಳಿ, ಹಳೆಯ ಶಾಯಿ ಮಾಸುತ್ತದೆ. ಹೊದಿಕೆಯ ಮೇಲಿನ ಬ್ಯಾಂಕಿನ ಹೆಸರು, ಮುದ್ರೆಯಲ್ಲಿರುವ ಊರಿನ ಹೆಸರು, ಮೊದಲ ಜಮೆಯ ತಾರೀಕು, ಈ ಮೂರೂ ನಿಮ್ಮ ಬರಹದ ಮೊದಲ ಆಧಾರಗಳು. ಅದರಲ್ಲಿ ಹಣ ಉಳಿದಿದ್ದರೆ, ಹತ್ತು ವರ್ಷ ವ್ಯವಹಾರವಿಲ್ಲದ ಖಾತೆಯ ಮೊತ್ತ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗಿದ್ದರೂ ವಾರಸುದಾರರು ಶಾಖೆಯ ಮೂಲಕವೇ ಅದನ್ನು ಪಡೆಯಬಹುದು. ಮೂಲ ಪುಸ್ತಕವನ್ನು ಅಲ್ಲಿಗೆ ಒಯ್ಯಬೇಕಾಗಿ ಬಂದರೆ ಪರಿಶೀಲನೆ ಮುಗಿದ ಮೇಲೆ ಹಿಂದಿರುಗಿಸುವಂತೆ ಬರವಣಿಗೆಯಲ್ಲಿ ಕೇಳಿಕೊಳ್ಳಿ.