ನಾಯಿಗೆ ಹೊರಗಡೆ ಇಡಲು ಮರದ ಗೂಡು ಎಷ್ಟು ದೊಡ್ಡದಿರಬೇಕು?

ದೊಡ್ಡದಾದಷ್ಟೂ ಆರಾಮ ಅನ್ನಿಸುತ್ತದೆ, ಅಲ್ವಾ? ಆದರೆ ಚಳಿಯಲ್ಲಿ ಗೂಡನ್ನು ಬೆಚ್ಚಗಿಡುವುದು ನಾಯಿಯ ಮೈಬಿಸಿಯೇ. ಜಾಗ ಜಾಸ್ತಿಯಾದರೆ ಆ ಬಿಸಿ ನಿಲ್ಲುವುದಿಲ್ಲ. ತಲೆ ಬಗ್ಗಿಸದೆ ನಿಲ್ಲಲು, ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಜಾಗವಿದ್ದರೆ ಸಾಕು. ಮರಿಯಾದರೆ ಬೆಳೆದ ಮೇಲಿನ ಅಳತೆ ಲೆಕ್ಕ ಹಾಕಿ.

ಅಳತೆಗಿಂತ ನಾನು ಜಾಸ್ತಿ ತಲೆಕೆಡಿಸಿಕೊಳ್ಳುವುದು ತಳದ ಬಗ್ಗೆ. ಹಲಗೆ ಮಣ್ಣಿಗೆ ತಾಗಿದರೆ ತೇವ ಹೀರಿ ಕೊಳೆಯುತ್ತದೆ, ಗೆದ್ದಲೂ ಹತ್ತಬಹುದು. ಇಟ್ಟಿಗೆಯ ಮೇಲೆ ಕೂರಿಸಿ 3-4 ಇಂಚು ಎತ್ತರಿಸಿ. ಬಾಗಿಲು ಗಾಳಿ-ಮಳೆ ಬೀಸುವ ಕಡೆಗೆ ಬೇಡ. ಅದನ್ನು ನಡುವೆ ಇಡದೆ ಒಂದು ಬದಿಗೆ ಇಟ್ಟರೆ ಒಳಗೆ ಮಲಗಲು ಮರೆ ಸಿಗುತ್ತದೆ. ಚಾವಣಿ ಇಳಿಜಾರಾಗಿರಲಿ, ಕೀಲು ಹಾಕಿದರೆ ಎತ್ತಿ ತೊಳೆಯಬಹುದು. ಸೂರಿನ ಕೆಳಗೆ ಗಾಳಿಯಾಡಲು ಒಂದೆರಡು ತೂತು. ಬಣ್ಣ ಹೊರಗೆ ಮಾತ್ರ, ಏಕೆಂದರೆ ಕೆಲವು ನಾಯಿಗಳು ಒಳಗಿನ ಮರವನ್ನು ಸುಮ್ನೆ ಕಡಿಯುತ್ತಾ ಕೂರುತ್ತವೆ.