ಸ್ಪೇನ್‌ನ ಸೆವಿಲ್ ಊರಿನ ಟ್ರಿಯಾನಾದಲ್ಲಿ ಅಲ್ಲಿಯವರ ಥರ ಟಾಪಾಸ್ ತಿನ್ನೋದು ಹೇಗೆ? ಐದು ಬೆಸ್ಟ್ ಬಾರ್ ಹೆಸರು ಹೇಳಿ

ನೀವು ಬರೆದಿರೋದು ಇಷ್ಟು: ಮೂರು ದಿನ, ಮನೆಯವರು ವೆಜ್, ನೀವು ಎಲ್ಲಾ ತಿಂತೀರಾ, ಏಳು ಗಂಟೆಗೆ ಊಟ ಶುರು ಮಾಡಿ ಬೇಗ ಮಲ್ಕೋಬೇಕು, ಕೈಯಲ್ಲಿ ಐದು ಹೆಸರಿನ ಲಿಸ್ಟ್ ಇರಬೇಕು, ಜೊತೆಗೆ ಫ್ರೀ ಟಾಪಾಸ್ ಸಿಗತ್ತಾ ಅಂತ ಒಂದು ಪ್ರಶ್ನೆ. ಆಫೀಸ್ ಪ್ರಾಜೆಕ್ಟ್ ಮೇಲೆ ಸೆವಿಲ್‌ಗೆ ಬಂದಾಗ ನಾನೂ ಅಕ್ಷರಶಃ ಇದೇ ಪ್ಲಾನ್‌ನಲ್ಲಿ ಇದ್ದೆ, ಅದಕ್ಕೇ ಹೇಳ್ತಿದೀನಿ, ಆ ಲಿಸ್ಟ್ ಬಿಡಿ, ಆ ಏಳು ಗಂಟೆನೂ ಬಿಡಿ.

ನಂಗೆ ಮನೆ ಸಿಕ್ಕಿದ್ದು ಟ್ರಿಯಾನಾದಲ್ಲೇ, ಸಾನ್ ಹಸಿಂತೊ ಬೀದಿ ಹಿಂದೆ ಒಂದು ಓಣೀಲಿ. ಊರು ಇರೋದು ಗ್ವಾಡಲ್ಕಿವಿರ್ ನದಿಯ ಆ ದಡದಲ್ಲಿ, ಟ್ರಿಯಾನಾ ಈ ದಡದಲ್ಲಿ, ಮಧ್ಯ 1852ರಲ್ಲಿ ಮುಗಿದ ಕಬ್ಬಿಣದ ಸೇತುವೆ. ಹಿಂದೆ ಕುಂಬಾರರು, ನಾವಿಕರು ಇದ್ದ ಕೇರಿ ಇದು, ಇಲ್ಲಿಯವರು ಇವತ್ತಿಗೂ ಮೊದಲು ಟ್ರಿಯಾನಾದವರು ಅಂತಾನೇ ಹೇಳ್ಕೊಳ್ಳೋದು. ಬಂದ ಮೊದಲ ಶನಿವಾರ ಸಂಜೆ ಏಳಕ್ಕೆ ಹೊಳೆ ಪಕ್ಕದ ಬೆತಿಸ್ ಬೀದಿಗೆ ಹೋದೆ, ನೀರು ಕಾಣೋ ಥರ ಹೊರಗಡೆ ಟೇಬಲ್ ಹಿಡಿದು ಕೂತೆ, ಮೆನು ತರಿಸಿ ಪಾಲಕ್-ಕಡಲೆ, ಕರಿದ ಮೀನು, ಹಂದಿ ಮಾಂಸ, ಚೀಸ್, ಕ್ರೊಕೆಟಾ ಅನ್ನೋ ಕರಿದ ಉಂಡೆ ಎಲ್ಲಾ ಒಟ್ಟಿಗೇ ಆರ್ಡರ್ ಮಾಡಿದೆ. ಟಾಪಾಸ್ ಅಂದ್ರೆ ಚಿಕ್ಕ ಚಿಕ್ಕ ತಟ್ಟೆ ತಾನೇ, ಐದು ತಗೊಂಡ್ರೆ ಒಂದು ಊಟ ಆಗತ್ತೆ ಅನ್ನೋದು ನನ್ನ ಲೆಕ್ಕ.

ಬಂದಿದ್ದು ಐದು ದೊಡ್ಡ ದೊಡ್ಡ ತಟ್ಟೆ. ಇದು ಯಾಕೆ ಹಾಗಾಯ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಇದೊಂದು ಗೊತ್ತಿದ್ರೆ ನಿಮ್ಮ ಮೂರೂ ಸಂಜೆ ಉಳಿಯತ್ತೆ. ಇಲ್ಲಿ ಒಂದೇ ತಿಂಡಿ ಮೂರು ಅಳತೇಲಿ ಸಿಗತ್ತೆ. ಟಾಪಾ ಅಂದ್ರೆ ಒಬ್ಬರಿಗೆ ನಾಲ್ಕು ತುತ್ತು, ಮೀಡಿಯಾ ರಾಸಿಯೊನ್ ಅಂದ್ರೆ ಇಬ್ಬರಿಗೆ ಆಗೋಷ್ಟು, ರಾಸಿಯೊನ್ ಅಂದ್ರೆ ಮೂರು-ನಾಲ್ಕು ಜನ ನಡುವೆ ಇಟ್ಕೊಂಡು ತಿನ್ನೋ ಫುಲ್ ಪ್ಲೇಟ್. ಎಷ್ಟೋ ಬಾರ್‌ಗಳಲ್ಲಿ ಟಾಪಾ ಸಿಗೋದು ಒಳಗೆ ಕೌಂಟರ್‌ನಲ್ಲಿ ನಿಂತವರಿಗೆ ಮಾತ್ರ, ಹೊರಗಡೆ ಟೇಬಲ್‌ಗೆ ಅರ್ಧ ಇಲ್ಲ ಪೂರ್ತಿ ಪ್ಲೇಟ್ ಅಷ್ಟೇ. ನಾನು ಕೂತ ಕಡೇನೂ ಹಾಗೇ, ಮೆನು ಕೆಳಗಡೆ ಚಿಕ್ಕ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರ್ಲಿಲ್ಲ. ಒಂದು ಟಾಪಾ ಈಗ ಸುಮಾರು 3ರಿಂದ 5 ಯೂರೋ, ಫುಲ್ ರಾಸಿಯೊನ್ 12 ಯೂರೋ ದಾಟತ್ತೆ, ಲೆಕ್ಕ ನೀವೇ ಹಾಕ್ಕೊಳ್ಳಿ.

ಆದ್ರೆ ದುಡ್ಡು ಹೋಗಿದ್ದು ದೊಡ್ಡ ವಿಷಯ ಅಲ್ಲ. ಎಲ್ಲಾ ಒಟ್ಟಿಗೆ ಹೇಳಿದ್ರೆ ಎಲ್ಲಾ ಒಟ್ಟಿಗೇ ಬರತ್ತೆ. ವಿನೆಗರ್, ಜೀರಿಗೆ, ಒರೆಗಾನೊದಲ್ಲಿ ನೆನೆಸಿ ಕರಿದ ಮೀನು, ಕಾಸೊನ್ ಎನ್ ಅದೋಬೊ ಅಂತಾರೆ, ಅದು ಎಣ್ಣೆಯಿಂದ ತೆಗೆದ ಐದು ನಿಮಿಷ ಅಷ್ಟೇ ಚೆನ್ನಾಗಿರೋದು, ಹೊರಗೆ ಗರಿಗರಿ, ಒಳಗೆ ಹುಳಿಹುಳಿ. ನಾನು ಚೀಸ್, ಪಾಲಕ್ ಮುಗಿಸಿ ಅದರ ಹತ್ರ ಬರೋಷ್ಟರಲ್ಲಿ ಮೆತ್ತಗಾಗಿ ಕೂತಿತ್ತು. ಅಷ್ಟೂ ಸೇರಿಸಿ ಎಂಟೂವರೆಗೆ ನನ್ನ ಹೊಟ್ಟೆ ಬಿರಿಯೋ ಹಾಗಾಯ್ತು, ಬೀದಿ ತುಂಬೋಕೆ ಶುರುವಾಗಿದ್ದೇ ಆಗ! ಅಜ್ಜಿ, ಮೊಮ್ಮಕ್ಕಳು, ಸ್ಟ್ರೋಲರ್‌ನಲ್ಲಿ ಕೂಸು, ಎಲ್ಲರೂ ಒಳಗೆ ಹೋಗಿ ನಿಂತ್ಕೊಂಡು ಜೋರಾಗಿ ಮಾತಾಡ್ತಾ ತಿಂತಿದ್ರು. ಏಳು ಗಂಟೆಗೆ ನನ್ನ ಸುತ್ತ ಇದ್ದಿದ್ದೆಲ್ಲಾ ನನ್ನ ಥರ ಹೊರಗಿನವರೇ. ಟ್ರಿಯಾನಾ ಮನೆ ಬಿಟ್ಟು ಆಚೆ ಬರೋ ಹೊತ್ತಿಗೆ ನನ್ನ ಊಟ ಮುಗಿದಿತ್ತು, ಆಮೇಲೆ ಒಂದು ತುತ್ತೂ ಇಳೀತಿರ್ಲಿಲ್ಲ. ಏನೋ ತಿನ್ನೋಕೆ ಅಂತ ಬಂದಿದ್ನೋ ಅದು ನನ್ನ ಕಣ್ಣೆದುರಿಗೇ ನಡೀತಿತ್ತು, ನಾನು ಅದರಲ್ಲಿ ಇರ್ಲಿಲ್ಲ.

ಅದಾದ್ಮೇಲೆ ಆಫೀಸಿನ ಸಹೋದ್ಯೋಗಿ ಒಬ್ರು, ಇದೇ ಕೇರೀಲಿ ಹುಟ್ಟಿ ಬೆಳೆದವರು, ಕರ್ಕೊಂಡು ಹೋದ್ರು. ರಾತ್ರಿ ಒಂಬತ್ತಕ್ಕೆ. ಒಳಗೆ ನುಗ್ಗಿ ಕೌಂಟರ್‌ನಲ್ಲಿ ಒಂದು ಮೊಳ ಜಾಗ ಹಿಡಿದ್ರು, ಇಬ್ಬರಿಗೂ ಒಂದೊಂದು ಚಿಕ್ಕ ಗ್ಲಾಸ್ ಬಿಯರ್, ಒಂದೇ ಒಂದು ಟಾಪಾ. ನಾನು ಮೆನು ಹುಡುಕ್ತಿದ್ರೆ ಅವರು ಗೋಡೆ ಮೇಲಿನ ಬೋರ್ಡ್ ತೋರಿಸಿದ್ರು. ಬಾರ್‌ನವನು ಕಿವಿ ಮೇಲಿಂದ ಸೀಮೆಸುಣ್ಣ ತೆಗೆದು ನಮ್ಮ ಮುಂದಿನ ಮರದ ಕಟ್ಟೆ ಮೇಲೇ ರೇಟ್ ಬರೆದ, ಇನ್ನೊಂದು ಹೇಳಿದಾಗ ಅದರ ಕೆಳಗೆ ಇನ್ನೊಂದು ಅಂಕಿ, ಕೊನೆಗೆ ಗೆರೆ ಎಳೆದು ಕೂಡಿಸಿ, ದುಡ್ಡು ತಗೊಂಡು, ಒದ್ದೆ ಬಟ್ಟೇಲಿ ಒರೆಸಿಬಿಟ್ಟ. ಬೆಂಗಳೂರಿನ ದರ್ಶಿನೀಲಿ ನಿಂತು ತಿಂದು ಅಭ್ಯಾಸ ಇರೋರಿಗೆ ಇದು ಕಷ್ಟವೇ ಅಲ್ಲ, ಒಂದೇ ವ್ಯತ್ಯಾಸ ಅಂದ್ರೆ ಅಲ್ಲಿ ಮೊದಲು ಬಿಲ್ ಆಮೇಲೆ ತಿಂಡಿ, ಇಲ್ಲಿ ಎಲ್ಲಾ ತಿಂದ್ಮೇಲೆ ದುಡ್ಡು. ಒಂದೊಂದು ಸಲಕ್ಕೂ ಪರ್ಸ್ ತೆಗೀಬೇಡಿ. ಹೊರಡುವಾಗ "ಮೆ ಕೋಬ್ರಾಸ್?" ಅಂದ್ರೆ ಸಾಕು, ದುಡ್ಡು ತಗೋತೀರಾ ಅಂತ ಕೇಳಿದ ಹಾಗೆ. ಟಿಪ್ಸ್ ಶೇಕಡಾ ಲೆಕ್ಕದಲ್ಲಿ ಯಾರೂ ಕೊಡಲ್ಲ, ಚಿಲ್ಲರೆ ಬಿಟ್ರೆ ಆಯ್ತು.

ನಂಗೆ ಅಲ್ಲೇ ಇಷ್ಟ ಆಗಿ ಇನ್ನೊಂದು ಹೇಳೋಣ ಅಂದೆ, ಅವರು ಬೇಡ, ಮುಂದಿನ ಕಡೆ ಹೋಗೋಣ ಅಂದ್ರು. ಐದು ಬೆಸ್ಟ್ ಬಾರ್ ಅನ್ನೋ ನಿಮ್ಮ ಪ್ರಶ್ನೇನ ನಾನು ಒಪ್ಪದೇ ಇರೋದು ಇದಕ್ಕೇ. ಇಲ್ಲಿ ಎಲ್ಲಾ ಚೆನ್ನಾಗಿ ಮಾಡೋ ಬಾರ್ ಅಂತ ಇಲ್ಲ, ಒಂದೊಂದು ಬಾರ್‌ಗೆ ಒಂದು ಅಥವಾ ಎರಡು ಐಟಂ ಕೈ ಹಿಡಿದಿರತ್ತೆ, ಜನ ಅದನ್ನ ತಿಂದು ಮುಂದಕ್ಕೆ ನಡೀತಾರೆ. ಟೈಲ್ಸ್ ಅಂಗಡಿಗಳು ಇರೋ ಆಂಟಿಯಾನೊ ಕಾಂಪೋಸ್ ಬೀದಿಯ ಲಾಸ್ ಗೊಲೊಂದ್ರಿನಾಸ್‌ಗೆ ಜನ ಹೋಗೋದು ಅಣಬೆಗೆ ಮತ್ತೆ ಹಂದಿಯ ಪುಂತಾ ದೆ ಸೊಲೊಮಿಯೊಗೆ, ಅಂದ್ರೆ ಬೆನ್ನಿನ ಮೆತ್ತನೆ ಮಾಂಸದ ತುದಿಗೆ, ಬೇರೆ ಏನೂ ಯೋಚನೆ ಮಾಡದೆ ಅದನ್ನೇ ಹೇಳಿ. ಕಾಸ್ತಿಯಾ ಬೀದೀಲಿ 1880ರಿಂದ ಇರೋ ಕಾಸಾ ಕುವೆಸ್ತಾ ಆ ಹಳೇ ಕಟ್ಟೆ, ಗೋಡೆಗೋಸ್ಕರ ಆದ್ರೂ ಒಂದು ಸಲ ನೋಡ್ಬೇಕು. ಎರಡೇ ಹೆಸರು ಕೊಡ್ತೀನಿ, ಬೇಕಂತಲೇ. ಮಿಕ್ಕಿದ್ದಕ್ಕೆ ಯಾವ ಬಾರ್‌ನಲ್ಲಿ ಜನ ಬಾಗಿಲವರೆಗೂ ನಿಂತಿದಾರೋ ಅಲ್ಲಿ ನುಗ್ಗಿ, ಪಕ್ಕದವರ ತಟ್ಟೆ ನೋಡಿ, ಅದನ್ನೇ ತೋರಿಸಿ ಕೇಳಿ. ಯಾರೂ ತಪ್ಪು ತಿಳ್ಕೊಳ್ಳಲ್ಲ, ಎಷ್ಟೋ ಸಲ ಅವರೇ ಖುಷಿಯಾಗಿ ಇದನ್ನೂ ತಿನ್ನಿ ಅಂತ ಹೇಳ್ತಾರೆ. ಏಪ್ರಿಲ್ ಕೊನೆಯಿಂದ ಬೇಸಿಗೆ ಶುರುವಾಗೋವರೆಗೆ ಬಂದ್ರೆ ಬಾಗಿಲಲ್ಲಿ "ಆಯ್ ಕಾರಕೋಲೆಸ್" ಅಂತ ಚೀಟಿ ಇರತ್ತೆ, ಬಸವನಹುಳು ಇದೆ ಅಂತ, ನೀವು ಎಲ್ಲಾ ತಿಂತೀನಿ ಅಂದಿದೀರಲ್ಲ, ಗ್ಲಾಸಿನಲ್ಲಿ ಬರೋ ಆ ಸಾರು ಬಿಡಬೇಡಿ.

ಫ್ರೀ ಟಾಪಾಸ್ ಸಿಗತ್ತಾ ಅಂತನೂ ಕೇಳಿದೀರಾ. ಡ್ರಿಂಕ್ ಜೊತೆ ತಿಂಡಿ ಫ್ರೀ ಕೊಡೋದು ಗ್ರನಾಡಾ, ಹಾಯೆನ್, ಅಲ್ಮೆರಿಯಾ ಕಡೆ. ಸೆವಿಲ್‌ನಲ್ಲಿ ಹೆಚ್ಚಂದ್ರೆ ನಾಲ್ಕು ಆಲಿವ್ ಇಡ್ತಾರೆ. ಬ್ರೆಡ್‌ಗೆ, ಪಿಕೋಸ್ ಅನ್ನೋ ಗಟ್ಟಿ ಕಡ್ಡಿಗಳಿಗೆ ಕೆಲವು ಕಡೆ ಬಿಲ್‌ನಲ್ಲಿ ಸ್ವಲ್ಪ ಸೇರಿಸ್ತಾರೆ, ಅದು ಮೋಸ ಅಲ್ಲ.

ಈಗ ಮನೆಯವರ ವಿಷಯ. ಬಾರ್ ಅಂದ ತಕ್ಷಣ ನಮ್ಮ ಕಡೆ ಹೆಂಗಸರು ಹಿಂಜರೀತಾರೆ, ಇಲ್ಲಿ ಬಾರ್ ಅಂದ್ರೆ ಬೆಳಗಿನ ಕಾಫಿಯಿಂದ ರಾತ್ರಿ ಊಟದವರೆಗೆ ಇಡೀ ಕುಟುಂಬ ಬರೋ ಜಾಗ, ಅದನ್ನ ಮೊದಲೇ ಹೇಳಿಟ್ಟಿರಿ. ಕುಡಿಯೋ ಅಭ್ಯಾಸ ಇಲ್ದಿದ್ರೆ ಮೋಸ್ತೊ ಅಂತ ದ್ರಾಕ್ಷಿ ರಸ ಕೇಳಿ, ಆದ್ರೆ "ಸಿನ್ ಆಲ್ಕೊಹೊಲ್", ಆಲ್ಕೋಹಾಲ್ ಇಲ್ಲದ್ದು ಅಂತ ಸೇರಿಸಿ ಹೇಳಿ, ಇಲ್ಲಿ ಹೊಸ ವೈನ್‌ಗೂ ಮೋಸ್ತೊ ಅಂತಾರೆ. ತಿನ್ನೋಕೆ ಎಸ್ಪಿನಾಕಾಸ್ ಕೊನ್ ಗಾರ್ಬಾನ್ಸೋಸ್ ಸೆವಿಲ್‌ನ ಸ್ವಂತ ತಿಂಡಿ, ಈಸ್ಟರ್‌ಗೆ ಮುಂಚಿನ ಮಾಂಸ ಬಿಡೋ ದಿನಗಳಲ್ಲಿ ಮನೆಮನೇಲಿ ಮಾಡ್ತಾರೆ. ಎಣ್ಣೇಲಿ ಕರಿದ ಬ್ರೆಡ್ಡು, ಬೆಳ್ಳುಳ್ಳಿ ಅರೆದು, ಜೀರಿಗೆ, ಕೆಂಪು ಪಾಪ್ರಿಕಾ ಪುಡಿ, ಚೂರು ವಿನೆಗರ್ ಹಾಕಿ ಪಾಲಕ್, ಕಾಬೂಲ್ ಕಡಲೆ ಜೊತೆ ಗಟ್ಟಿಯಾಗಿ ಕುದಿಸೋದು, ಆ ಜೀರಿಗೆ ಘಮಕ್ಕೆ ನಾನು ಮೊದಲ ಸಲ ಕಣ್ಣು ಮುಚ್ಚಿ ತಿಂದಿದ್ದೆ. ಬದನೆಕಾಯಿ ಕರಿದು ಕಬ್ಬಿನ ಪಾಕ ಸುರಿದಿದ್ದೂ ಸಿಗತ್ತೆ, ಆದ್ರೆ ಅದನ್ನ ಮೀನು ಕರಿದ ಎಣ್ಣೇಲೇ ಕರೀಬಹುದು, ಅದು ಆಗಲ್ಲ ಅನ್ನೋರಾದ್ರೆ ಕರಿದಿದ್ದೇ ಬೇಡ. ಸಾಲ್ಮೊರೆಹೊ ಅನ್ನೋ ತಣ್ಣಗಿನ ಟೊಮೇಟೊ ಗಸಿ ಮೇಲೆ ಹಾಮೊನ್, ಅಂದ್ರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ ಮಾಂಸ, ಮೊಟ್ಟೆ ಉದುರಿಸ್ತಾರೆ, ಅವೆರಡೂ ಬೇಡ ಅಂತ ಮೊದಲೇ ಹೇಳ್ಬೇಕು.

ಒಂದು ಮಾತು ಖಂಡಿತ ನೆನಪಿಟ್ಕೊಳ್ಳಿ, ಬರೀ "ಮಾಂಸ ಬೇಡ" ಅಂದ್ರೆ ಸಾಲಲ್ಲ. ಇಲ್ಲಿ ಎಷ್ಟೋ ಜನಕ್ಕೆ ಹಾಮೊನ್ ಚೂರು, ಟ್ಯೂನಾ ಮೀನು ಇವೆಲ್ಲಾ ಮಾಂಸದ ಲೆಕ್ಕಕ್ಕೇ ಬರಲ್ಲ, ವೆಹೆತಾಲ್, ಅಂದ್ರೆ ತರಕಾರಿಯದು, ಅಂತ ಬರೆದಿರೋ ಸ್ಯಾಂಡ್‌ವಿಚ್‌ನಲ್ಲೂ ಟ್ಯೂನಾ ಇರತ್ತೆ. "ನಿ ಕಾರ್ನೆ, ನಿ ಹಾಮೊನ್, ನಿ ಪೆಸ್ಕಾದೊ, ನಿ ಅತುನ್" ಅಂತ, ಮಾಂಸ, ಹಾಮೊನ್, ಮೀನು, ಟ್ಯೂನಾ ಯಾವುದೂ ಬೇಡ ಅಂತ, ನಾಲ್ಕನ್ನೂ ಹೆಸರಿಟ್ಟು ಹೇಳಿ.

ಮಲಗೋ ಹೊತ್ತಿನ ಬಗ್ಗೆ ಅಷ್ಟು ಚಿಂತೆ ಇದ್ರೆ ರಾತ್ರಿ ಬಿಟ್ಟು ಮಧ್ಯಾಹ್ನಕ್ಕೆ ಬದಲಾಯಿಸಿ, ನನ್ನ ಪ್ರಕಾರ ಟಾಪಾಸ್‌ನ ನಿಜವಾದ ಹೊತ್ತು ಶನಿವಾರ-ಭಾನುವಾರದ ಒಂದೂವರೆಯಿಂದ ನಾಲ್ಕು. ಆಮೇಲೆ ಬಹಳ ಕಡೆ ಅಡುಗೆಮನೆ ಮುಚ್ಚಿ ಎಂಟೂವರೆ ಹೊತ್ತಿಗೇ ಮತ್ತೆ ತೆರೆಯೋದು. ಫುಡ್ ಟೂರ್‌ಗೆ ದುಡ್ಡು ಹಾಕಬೇಡಿ, ಅದರ ದುಡ್ಡಲ್ಲಿ ಇಬ್ಬರೂ ಎರಡು ಹೊತ್ತು ತಿನ್ನಬಹುದು. ಭಾನುವಾರ ರಾತ್ರಿ ಕೆಲವು ಒಳ್ಳೇ ಕಡೆ ಬಾಗಿಲು ಹಾಕಿರತ್ತೆ, ಆಗಸ್ಟ್‌ನಲ್ಲಂತೂ ರಜಕ್ಕೆ ಮುಚ್ಚಿದ ಬಾರ್‌ಗಳು ಸಾಲಾಗಿ ಸಿಗತ್ತೆ, 40 ಡಿಗ್ರಿ ಬಿಸಿಲು ಬೇರೆ, ಹಾಗಾಗಿ ಇನ್ನೂ ಟಿಕೆಟ್ ಬುಕ್ ಮಾಡಿಲ್ಲ ಅಂದ್ರೆ ಆ ತಿಂಗಳು ಬಿಟ್ಟು ಬನ್ನಿ.