ಮೇಜಿನ ಮೇಲೆ ವಿಗ್

ಈ ಪ್ರಕರಣ ಬರೆಯಲು ನನಗೆ ಒಂದು ವರ್ಷ ಬೇಕಾಯಿತು. ಆಫೀಸಿಗೆ ತಮ್ಮ ಕೂದಲನ್ನು ಇದ್ದ ಹಾಗೇ ಬಿಟ್ಟುಕೊಂಡು ಹೋಗಬಹುದೇ ಬೇಡವೇ ಎಂಬ ಪ್ರಶ್ನೆಯನ್ನು, ಅಮೆರಿಕದ ಟೆಕ್ಸಸ್‌ನ ಹೂಸ್ಟನ್‌ನಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವ ಕಪ್ಪು ಹೆಣ್ಣುಮಕ್ಕಳು ಎಷ್ಟೋ ಸಲ ಕೇಳಿದ್ದಾರೆ. ಆದರೆ ಈ ಒಂದರಲ್ಲಿ ನಾನೇ ಎಡವಿದೆ. ಅದೂ ನಾನು ಕರ್ನಾಟಕದ ಕಡೆಯವಳು ಎಂಬ ಕಾರಣಕ್ಕೇ ಎಡವಿದೆ. ಹಾಗಾಗಿ ಇದನ್ನು ಕನ್ನಡದಲ್ಲೇ ಬರೆಯಬೇಕು ಅನ್ನಿಸಿತು.

ಅವರ ಹೆಸರು ಡೆನೀಸ್ ಎಂದಿಟ್ಟುಕೊಳ್ಳಿ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ನಲವತ್ತು ದಾಟಿದವರು, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಹಳಬರು. ಇಲ್ಲಿ ಎಷ್ಟೋ ಕಂಪನಿಗಳು ನೌಕರರಿಗೆ ಕೆಲವು ಭೇಟಿಗಳಷ್ಟು ಆಪ್ತಸಲಹೆಯನ್ನು ಉಚಿತವಾಗಿ ಕೊಡಿಸುತ್ತವೆ. ಇವರಿಗೆ ಆರು ಭೇಟಿ ಇದ್ದವು. ಫಾರಂನಲ್ಲಿ ‘ನಿದ್ದೆ ಸಾಲುತ್ತಿಲ್ಲ’ ಎಂದಷ್ಟೇ ಬರೆದಿದ್ದರು.

ಎರಡು ಭೇಟಿ ನಿದ್ದೆಯ ಮಾತಲ್ಲೇ ಕಳೆಯಿತು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾರಂತೆ. ಯಾಕೆ ಎಂದರೆ, ತಲೆಗೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅಮೆರಿಕದಲ್ಲಿ ಇಪ್ಪತ್ತು ವರ್ಷ ಇದ್ದರೂ ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಬಿಗಿಯಾಗಿ ಸುರುಳಿ ಸುತ್ತಿದ ಕೂದಲಲ್ಲಿ ನೆತ್ತಿಯ ಎಣ್ಣೆ ಎಳೆಯ ತುದಿಯವರೆಗೆ ಇಳಿಯುವುದಿಲ್ಲ. ಬೇಗ ಒಣಗುತ್ತದೆ, ಎಳೆದರೆ ತುಂಡಾಗುತ್ತದೆ. ದಿನಾ ತೊಳೆಯುವಂತಿಲ್ಲ, ಒಣಗಿದಾಗ ಬಾಚುವಂತಿಲ್ಲ. ಅದಕ್ಕೇ ಕಪ್ಪು ಹೆಣ್ಣುಮಕ್ಕಳು ಸಣ್ಣ ಸಣ್ಣ ಜಡೆ ಹಾಕುತ್ತಾರೆ, ಎರಡೆಳೆ ಸೇರಿಸಿ ಟ್ವಿಸ್ಟ್ ಮಾಡುತ್ತಾರೆ, ತಲೆಗೆ ಅಂಟಿದಂತೆ ಕಾರ್ನ್‌ರೋ ಹೆಣೆಯುತ್ತಾರೆ, ಕೂದಲು ಹಗ್ಗದಂತೆ ಗಂಟುಕಟ್ಟಿಕೊಳ್ಳುವ ಲಾಕ್ಸ್ ಬಿಡುತ್ತಾರೆ. ನಮ್ಮಜ್ಜಿ ಎಣ್ಣೆ ಹಚ್ಚಿ ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಹೆರಳು ಹಾಕುತ್ತಿದ್ದಳಲ್ಲ, ಹಾಗೆಯೇ ಇದೂ ಕೂದಲು ಉಳಿಸಿಕೊಳ್ಳುವ ಉಪಾಯ.

ಡೆನೀಸ್‌ಗೆ ಒಂಬತ್ತನೇ ವಯಸ್ಸಿನಿಂದ ರಿಲ್ಯಾಕ್ಸರ್. ಕೂದಲನ್ನು ನೆಟ್ಟಗೆ ಮಾಡುವ ಕ್ರೀಮು ಅದು. ಕೆಲವದರಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಕಟ್ಟಿಕೊಂಡ ಚರಂಡಿ ಪೈಪಿಗೆ ಸುರಿಯುವ ಅದೇ ಕ್ಷಾರ. ಎಂಟು ವಾರಕ್ಕೊಮ್ಮೆ, ಮೂವತ್ತು ವರ್ಷ. 2022ರ ಅಕ್ಟೋಬರ್‌ನಲ್ಲಿ ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ ಬಂತು. 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ ಮಾಡಿದ್ದು. ಕೂದಲು ನೆಟ್ಟಗಾಗಿಸುವ ರಾಸಾಯನಿಕವನ್ನು ಬಳಸದವರಿಗೆ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64. ಪದೇ ಪದೇ ಬಳಸುವವರಲ್ಲಿ ಶೇ. 4.05. ಇದರಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಅಧ್ಯಯನ ಹೇಳಲಿಲ್ಲ, ನಂಟು ಇದೆ ಎಂದಿತು. ಡೆನೀಸ್‌ಗೆ ಅಷ್ಟು ಸಾಕಾಯಿತು. ರಿಲ್ಯಾಕ್ಸರ್ ನಿಲ್ಲಿಸಿ, ಹಳೆಯ ನೆಟ್ಟ ಕೂದಲನ್ನೆಲ್ಲ ಕತ್ತರಿಸಿಬಿಟ್ಟರು. ಇದಕ್ಕೆ ಅವರಲ್ಲಿ ‘ಬಿಗ್ ಚಾಪ್’ ಅನ್ನುತ್ತಾರೆ. ಹೊಸ ಕೂದಲು ಗುಂಗುರಾಗಿ ಬಂತು. ಆಫೀಸಿಗೆ ಮಾತ್ರ ವಿಗ್ ಹಾಕಿಕೊಂಡು ಹೋಗತೊಡಗಿದರು. ಆ ನಾಲ್ಕೂವರೆ ಗಂಟೆ ಇದಕ್ಕೆ.

ಮೂರನೇ ಭೇಟಿಗೆ ಬರುತ್ತೇನೆ.

ಹಿಂದಿನ ವಾರ ಒಂದು ವಿಡಿಯೋ ಮೀಟಿಂಗ್‌ಗೆ ವಿಗ್ ಇಲ್ಲದೆ ಕೂತಿದ್ದರಂತೆ. ಮರುದಿನ ಮ್ಯಾನೇಜರ್ ಕಾರಿಡಾರಿನಲ್ಲಿ ನಗುತ್ತಲೇ ಕೇಳಿದರು: “ಇನ್ನು ಮೇಲೆ ಹೀಗೇ ಇರುತ್ತಾ?” ಆಮೇಲೆ ಸೇರಿಸಿದರು, ಮುಂದಿನ ತಿಂಗಳು ಕ್ಲೈಂಟ್ ಬರುತ್ತಾರೆ, ಆಗ ಸ್ವಲ್ಪ ನೀಟಾಗಿ ಕಂಡರೆ ಒಳ್ಳೆಯದು. ಅಷ್ಟೇ. ಇಮೇಲ್ ಇಲ್ಲ, ನಿಯಮ ಇಲ್ಲ, ಬೆದರಿಕೆ ಇಲ್ಲ.

ಹೇಳಿ ಮುಗಿಸಿ ಸ್ವಲ್ಪ ತಡೆದರು. “ಅವರು ನಿಮ್ಮವರೇ,” ಎಂದರು. ಮೀಟಿಂಗ್ ಶುರುವಾಗುವ ಮುಂಚೆ ಬೆಂಗಳೂರಿನ ಮಳೆಯ ಬಗ್ಗೆ ಮಾತಾಡುವವರು.

ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಆಪ್ತಸಲಹೆಗಾರ್ತಿ ಆ ಕ್ಷಣದಲ್ಲಿ ಸುಮ್ಮನಿರಬೇಕು. ನಾನು ಮಾತಾಡಿದೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ ಎಂದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ತಲೆ ಬಿಟ್ಟುಕೊಂಡು ಓಡಾಡಿದರೆ ದೊಡ್ಡವರು ಗದರುತ್ತಾರೆ ಎಂದೆ. ನಮ್ಮಲ್ಲಿ ಮುಡಿ ಬಿಚ್ಚಿದ ಹೆಣ್ಣು ಎಂದರೆ ಒಂದೋ ದ್ರೌಪದಿ, ಇಲ್ಲವೇ ದೆವ್ವ ಎಂದು ತಮಾಷೆ ಬೇರೆ ಮಾಡಿದೆ. ನನ್ನದೂ ಗುಂಗುರು ಕೂದಲು, ಚಿಕ್ಕವಳಿದ್ದಾಗ ‘ಗುಬ್ಬಿ ಗೂಡು’ ಎನ್ನುತ್ತಿದ್ದರು ಎಂದೂ ಹೇಳಿದೆ. ನನ್ನದೂ ನಿಮ್ಮದೂ ಒಂದೇ ಕಥೆ ಎನ್ನುವ ಹಾಗೆ.

ಡೆನೀಸ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎರಡೂ ಕೈ ಎತ್ತಿ ಕಿವಿಯ ಹಿಂದಿನ ಕ್ಲಿಪ್ ಬಿಚ್ಚಿದರು. ವಿಗ್ ತೆಗೆದು ಮೇಜಿನ ಮೇಲೆ, ಟಿಶ್ಯೂ ಡಬ್ಬಿಯ ಪಕ್ಕ ಇಟ್ಟರು.

ಕೆಳಗೆ ಕಾರ್ನ್‌ರೋ ಇತ್ತು. ಆ ಹೆಸರೇ ಜೋಳದ ಸಾಲು ಎಂದು. ಹಿಂಗಾರಿಗೆ ನಮ್ಮ ಎರೆ ಹೊಲದಲ್ಲಿ ಕೂರಿಗೆ ಹೊಡೆದಾಗ ಬೀಳುವ ಸಾಲು ನೋಡಿದ್ದೀರಲ್ಲ, ಅಷ್ಟು ನೇರ. ಹಣೆಯ ಅಂಚಿನಲ್ಲಿ, ಕಿವಿಯ ಮೇಲುಗಡೆ ಮಾತ್ರ ಕೂದಲು ಸವೆದು ಚರ್ಮ ಹೊಳೆಯುತ್ತಿತ್ತು.

“ಈಗ ನೋಡಿ ಹೇಳಿ. ಕೆದರಿದೆಯಾ?”

ಇಲ್ಲ ಎಂದೆ.

“ಈ ಐವತ್ತು ನಿಮಿಷ ನನ್ನದು. ಅದರಲ್ಲಿ ಹನ್ನೆರಡು ನಿಮಿಷ ನೀವು ಅವರಿಗೆ ಕೊಟ್ಟಿರಿ.”

ಮೇಜಿನ ಗಡಿಯಾರ ಅವರ ಕಡೆಗೇ ಮುಖ ಮಾಡಿತ್ತು. ಲೆಕ್ಕದವರು, ನೋಡಿಯೇ ಹೇಳಿದ್ದು.

ಕ್ಷಮೆ ಕೇಳಿದೆ. ಕೇಳಿದ ಮೇಲೆ ಇನ್ನೊಂದು ತಪ್ಪು ಮಾಡಿದೆ. ತಪ್ಪು ತಿದ್ದಿಕೊಳ್ಳುವ ಭರದಲ್ಲಿ, “ಹಾಗಾದರೆ ನಾಳೆಯಿಂದ ಹೀಗೇ ಹೋಗಿ, ಎಷ್ಟು ಚೆನ್ನಾಗಿದೆ” ಎಂದುಬಿಟ್ಟೆ. ಅವರು ನಕ್ಕರು, ಸಿಟ್ಟಿನ ನಗು. “ಕೆಲಸ ಹೋದರೆ ಮನೆ ಸಾಲದ ಕಂತು ನೀವು ಕಟ್ಟುತ್ತೀರಾ?”

ಆಮೇಲೆ ಒಂದೊಂದಾಗಿ ತಾರೀಖು ಹೇಳಿದರು. 1981ರಲ್ಲಿ ನ್ಯೂಯಾರ್ಕಿನ ಕೋರ್ಟು, ವಿಮಾನ ಕಂಪನಿಯ ನೌಕರಿಯಲ್ಲಿದ್ದ ರೆನೀ ರಾಜರ್ಸ್ ಎಂಬಾಕೆ ಕಾರ್ನ್‌ರೋ ಹಾಕಲು ಬಿಡುತ್ತಿಲ್ಲ ಎಂದು ದೂರಿದಾಗ, ಜಡೆ ಹುಟ್ಟಿನಿಂದ ಬಂದದ್ದಲ್ಲ, ಬದಲಿಸಿಕೊಳ್ಳಬಹುದು ಎಂದಿತು. 2010ರಲ್ಲಿ ಅಲಬಾಮಾದ ಮೊಬೀಲ್ ಎಂಬ ಊರಲ್ಲಿ ಚಾಸ್ಟಿಟಿ ಜೋನ್ಸ್‌ಗೆ ಸಿಕ್ಕಿದ್ದ ಕೆಲಸವನ್ನು ಲಾಕ್ಸ್ ತೆಗೆಸಲಿಲ್ಲ ಎಂದು ವಾಪಸ್ ಪಡೆದರು. 2016ರಲ್ಲಿ ಮೇಲ್ಮನವಿ ಕೋರ್ಟು ಕಂಪನಿಯ ಪರ ನಿಂತಿತು, 2018ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನೇ ಕೈಗೆತ್ತಿಕೊಳ್ಳಲಿಲ್ಲ. ಶ್ವೇತಭವನದಲ್ಲಿ ಎಂಟು ವರ್ಷ ಇದ್ದ ಮಿಶೆಲ್ ಒಬಾಮಾ ಕೂಡ, ಜಡೆ ಹಾಕಿಕೊಳ್ಳಬೇಕು ಅನ್ನಿಸಿದರೂ ಜನ ಇನ್ನೂ ತಯಾರಿಲ್ಲ ಎಂದು ಆಗ ಕೂದಲು ನೆಟ್ಟಗೇ ಇಟ್ಟುಕೊಂಡೆ ಎಂದು 2022ರಲ್ಲಿ ಹೇಳಿದರು. “ಅವರೇ ಲೆಕ್ಕ ಹಾಕಿ ಇರಬೇಕಿತ್ತು. ನನಗೆ ಧೈರ್ಯ ಮಾಡು ಅಂತೀರಿ.”

ಟೆಕ್ಸಸ್‌ನಲ್ಲಿ ಈಗ ಕಾನೂನು ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಕ್ರೌನ್ ಕಾಯ್ದೆ ಎಂದು. ಮೊದಲು 2019ರಲ್ಲಿ ಕ್ಯಾಲಿಫೋರ್ನಿಯಾ ತಂದಿತು, ಟೆಕ್ಸಸ್‌ನಲ್ಲಿ 2023ರ ಸೆಪ್ಟೆಂಬರ್ 1ರಿಂದ ಜಾರಿ. ಕೂದಲಿನ ಸ್ವಭಾವ, ಜಡೆ, ಟ್ವಿಸ್ಟ್, ಲಾಕ್ಸ್ ಕಾರಣಕ್ಕೆ ಭೇದ ಮಾಡುವಂತಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆ ದಾಟಿ ಸೆನೆಟ್‌ನಲ್ಲಿ ನಿಂತುಹೋಯಿತು. ಆದರೆ ಕಾರಿಡಾರಿನಲ್ಲಿ ನಗುತ್ತಾ ಕೇಳಿದ ಒಂದು ಪ್ರಶ್ನೆಯನ್ನು ಯಾವ ಕಾಯ್ದೆಯಲ್ಲಿ ಹಿಡಿಯುತ್ತೀರಿ?

ನಾನು ಕೊಟ್ಟ ಸಲಹೆ ಬಹಳ ಸಣ್ಣದು. ಮೊದಲು ಚರ್ಮದ ವೈದ್ಯರನ್ನು ನೋಡಿ ಎಂದೆ. ವಿಗ್ಗಿನ ಕ್ಲಿಪ್ಪು ಮತ್ತು ಬಿಗಿ ಹೆಣಿಗೆಯ ಎಳೆತದಿಂದ ಅಂಚಿನ ಕೂದಲು ಉದುರುವುದು ಶುರುವಿನಲ್ಲಿ ನಿಲ್ಲಿಸಿದರೆ ಮತ್ತೆ ಬರುತ್ತದೆ, ತಡವಾದರೆ ಇಲ್ಲ. ಮ್ಯಾನೇಜರ್ ಹೇಳಿದ್ದನ್ನು ಅದೇ ಪದಗಳಲ್ಲಿ, ತಾರೀಖು ಹಾಕಿ, ಮನೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬೇಡ. ಟೆಕ್ಸಸ್ ಕಾರ್ಮಿಕ ಆಯೋಗಕ್ಕೆ ದೂರು ಕೊಡಲು 180 ದಿನ ಮಾತ್ರ, ಕೊಡುವುದೋ ಬಿಡುವುದೋ ಆಮೇಲಿನ ಮಾತು, ಒಬ್ಬ ವಕೀಲರನ್ನು ಒಮ್ಮೆ ಕೇಳಿಟ್ಟುಕೊಳ್ಳಿ ಎಂದೆ.

ಇನ್ನು ಕೂದಲು. ಕ್ಲೈಂಟ್ ಬರುವ ದಿನವನ್ನು ಪರೀಕ್ಷೆಯ ದಿನ ಮಾಡಿಕೊಳ್ಳಬೇಡಿ ಎಂದೆ. ಹಾಗೇ ಹೋಗಬೇಕು ಅನ್ನಿಸಿದರೆ ಏನೂ ವಿಶೇಷವಿಲ್ಲದ ಒಂದು ಬುಧವಾರ ಹೋಗಿ. ಮುಂಚೆ ಯಾರಿಗೂ ಹೇಳಬೇಡಿ, ಕೇಳಿದರೆ ವಿವರಣೆ ಕೊಡಬೇಡಿ. ಯಾರಾದರೂ ‘ಮುಟ್ಟಿ ನೋಡಲಾ’ ಎಂದರೆ ‘ಬೇಡ’ ಎನ್ನಿ. ಇದನ್ನು ನಾಲ್ಕನೇ ಭೇಟಿಯಲ್ಲಿ ಅಭ್ಯಾಸ ಮಾಡಿದೆವು. ಮೊದಮೊದಲು ‘ಬೇಡ’ ಎಂದ ಕೂಡಲೇ ಅವರು ನಗುತ್ತಿದ್ದರು, ಎದುರಿನವರಿಗೆ ಬೇಜಾರಾಗದಿರಲಿ ಎಂದು. ನಗದೆ ಹೇಳಲು ಆರೇಳು ಸಲ ಬೇಕಾಯಿತು. ‘ನೀಟು ಅಂದರೆ ಏನು ಅಂತ ಮ್ಯಾನೇಜರನ್ನೇ ಕೇಳಿ’ ಎಂಬ ನನ್ನ ಇನ್ನೊಂದು ಸಲಹೆಯನ್ನು ಅವರು ಒಪ್ಪಲಿಲ್ಲ. ಸರಿ, ಬಿಟ್ಟೆ.

ಹೆಸರು ಹೇಳದೆ ಇದನ್ನು ಇಬ್ಬರು ಸಹೋದ್ಯೋಗಿಗಳ ಜೊತೆ ಚರ್ಚಿಸಿದಾಗ ಇಬ್ಬರಿಂದಲೂ ಬೈಸಿಕೊಂಡೆ. ದೂರು ಕೊಡಿಸಬೇಕಿತ್ತು ಎಂದರು ಒಬ್ಬರು. ವಿಗ್ ಹಾಕಿಕೊಂಡು ಹೋಗಲು ಬಿಟ್ಟಿದ್ದೇ ತಪ್ಪು, ಅದು ಸುಳ್ಳು ಬದುಕು ಎಂದರು ಇನ್ನೊಬ್ಬರು. ನಾನು ಒಪ್ಪುವುದಿಲ್ಲ. ‘ನೀವು ನೀವಾಗಿರಿ’ ಎನ್ನುವುದು ನಮ್ಮ ವೃತ್ತಿಯಲ್ಲಿ ಎಲ್ಲಕ್ಕಿಂತ ಅಗ್ಗದ ಮಾತು. ಹೇಳುವವರಿಗೆ ಏನೂ ಖರ್ಚಿಲ್ಲ. 2023ರ ಒಂದು ಸಮೀಕ್ಷೆಯಲ್ಲಿ ಕಪ್ಪು ಮಹಿಳೆಯರಲ್ಲಿ ಶೇ. 66 ಜನ ಕೆಲಸದ ಸಂದರ್ಶನಕ್ಕೆ ಕೂದಲು ಬದಲಿಸಿಕೊಂಡು ಹೋಗುತ್ತೇವೆ ಎಂದಿದ್ದರು. ಸಮೀಕ್ಷೆ ಮಾಡಿಸಿದ್ದರಲ್ಲಿ ಸೋಪು-ಶಾಂಪೂ ಮಾರುವವರೂ ಇದ್ದರು, ಅದು ಗೊತ್ತು. ಆದರೂ ಇಷ್ಟು ಜನ ಹೇಡಿಗಳೇ? ಬೆಲೆ ಎಷ್ಟು ಎಂದು ಗೊತ್ತಿರುವವರು. ಆ ಬೆಲೆಯನ್ನು ಯಾವ ದಿನ, ಎಷ್ಟು, ಯಾವುದಕ್ಕೆ ಕೊಡಬೇಕು ಎಂಬುದು ಅವರ ಕೈಯಲ್ಲಿರಲಿ. ನಾನು ಮಾಡಿದ್ದು ಇಷ್ಟೇ.

ಆ ಮ್ಯಾನೇಜರ್ ಬಗ್ಗೆಯೂ ಒಂದು ಮಾತು. ಅವರನ್ನು ನಾನು ನೋಡಿಲ್ಲ, ಆದರೆ ಅಂಥವರ ಮನೆಯಲ್ಲಿ ಯುಗಾದಿ ಊಟ ಮಾಡಿದ್ದೇನೆ. ಒಳ್ಳೆಯವರು. ನಮ್ಮ ಉಚ್ಚಾರಣೆಯನ್ನು ಯಾರಾದರೂ ಆಡಿಕೊಂಡರೆ, ಡಬ್ಬಿ ಊಟದ ವಾಸನೆಗೆ ಮೂಗು ಮುರಿದರೆ ವರ್ಷಗಟ್ಟಲೆ ಮರೆಯುವುದಿಲ್ಲ ನಾವು. ‘ನೀಟಾಗಿ’ ಎಂದಾಗ ಮಾತ್ರ ಯಾರ ಕೂದಲನ್ನು ಅಳತೆಗೋಲು ಮಾಡಿಕೊಂಡು ಹೇಳುತ್ತಿದ್ದೇವೆ ಎಂದು ಯೋಚಿಸುವುದಿಲ್ಲ. ನಮ್ಮ ಕೂದಲು ಎಣ್ಣೆ ಹಚ್ಚಿ ಬಾಚಿದರೆ ತಾನಾಗಿಯೇ ಬಿಳಿಯರ ಆಫೀಸಿಗೆ ಒಗ್ಗಿಬಿಡುತ್ತದೆ. ಅದು ನಮ್ಮ ಶಿಸ್ತಲ್ಲ, ಅದೃಷ್ಟ. ನಿಮ್ಮ ಕೈ ಕೆಳಗೆ ಕೆಲಸ ಮಾಡುವವರ ತಲೆಯ ಬಗ್ಗೆ ಏನೂ ಹೇಳಬೇಡಿ. ಚೆನ್ನಾಗಿದೆ ಎಂದು ಪದೇ ಪದೇ ಹೊಗಳುವುದೂ ಬೇಡ. ಅವರ ಬ್ಯಾಲೆನ್ಸ್ ಶೀಟ್ ಬಗ್ಗೆ ಮಾತಾಡಿ.

ಡೆನೀಸ್ ಒಂದು ಬುಧವಾರ ಟ್ವಿಸ್ಟ್‌ನಲ್ಲಿ ಹೋದರು. ಒಬ್ಬರು ಹೊಸ ಹೇರ್‌ಕಟ್ಟಾ ಎಂದರಂತೆ. ಮ್ಯಾನೇಜರ್ ಏನೂ ಅನ್ನಲಿಲ್ಲ. ಕ್ಲೈಂಟ್ ಬಂದ ದಿನ ವಿಗ್ ಹಾಕಿಕೊಂಡರು. ಅದನ್ನು ನನಗೆ ಹೇಳುವಾಗ ಮುಖ ನೋಡಿದರು, ನಾನು ಏನಾದರೂ ಅನ್ನುತ್ತೇನಾ ಎಂದು. ಎಷ್ಟು ಗಂಟೆ ಮಲಗುತ್ತಿದ್ದೀರಿ ಎಂದು ಕೇಳಿದೆ. ವಾರದಲ್ಲಿ ಮೂರು ದಿನ ಆರು ಗಂಟೆಗೆ ಏಳುತ್ತೇನೆ ಎಂದರು.

ಕೊನೆಯ ಭೇಟಿಯಲ್ಲಿ ಅವರೇ ಒಂದು ಪ್ರಶ್ನೆ ಕೇಳಿದರು. ವಿಗ್ಗಿನ ಪೊಟ್ಟಣದ ಮೇಲೆ ಇಂಡಿಯನ್ ಹೇರ್ ಎಂದು ಇದೆಯಲ್ಲ, ಅದು ನಿಜವಾ? ಮೂರನೇ ಭೇಟಿಯಲ್ಲೇ ನನಗೆ ಅದು ನೆನಪಾಗಿತ್ತು. ಅವತ್ತು ನನ್ನ ಊರಿನ ಮಾತು ಸಾಕಾಗಿತ್ತು, ನುಂಗಿಕೊಂಡಿದ್ದೆ. ಈಗ ಹೇಳಿದೆ. ತಿರುಪತಿಯಲ್ಲಿ ಕೊಟ್ಟ ಮುಡಿ ಹರಾಜಾಗುತ್ತದೆ. ನಾನು ಕೊಪ್ಪಳದ ಕಡೆಯವಳು, ಊರ ಪಕ್ಕದ ಭಾಗ್ಯನಗರ ಕೂದಲಿನ ವ್ಯಾಪಾರಕ್ಕೇ ಹೆಸರಾದದ್ದು. ಸಿಕ್ಕುಗಟ್ಟಿದ ಕೂದಲನ್ನು ಹೆಂಗಸರು ಕೂತು ಬಿಡಿಸುತ್ತಾರೆ, ಉದ್ದ ನೋಡಿ ವಿಂಗಡಿಸುತ್ತಾರೆ, ಅದು ಹೊರದೇಶಕ್ಕೆ ಹೋಗುತ್ತದೆ. ಬಾಚುವಾಗ ಉದುರಿದ್ದನ್ನು ನಮ್ಮವ್ವ ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದಳು. ಬೀದಿಯಲ್ಲಿ ಕೂಗುತ್ತಾ ಬರುವವನಿಗೆ ಕೊಡಲು.

“ಎಷ್ಟು ಕೊಡುತ್ತಿದ್ದ?” ಲೆಕ್ಕದವರಲ್ವಾ.

ಒಂದು ಮುಷ್ಟಿಗೆ ನಾಲ್ಕು ಹೇರ್‌ಪಿನ್ನು ಎಂದೆ.

ಡೆನೀಸ್ ತುಂಬ ಹೊತ್ತು ನಕ್ಕರು. ಆಮೇಲೆ ತಮ್ಮ ವಿಗ್ಗಿಗೆ ಎಷ್ಟು ಕೊಟ್ಟಿದ್ದರು ಎಂದು ಹೇಳಿದರು. ನನಗೆ ನಗು ಬರಲಿಲ್ಲ.